ಕೂಲರ್ ಪ್ಯಾಡ್ ಕಲ್ಲಾಗದಂತೆ ನೋಡಿಕೊಳ್ಳುವುದು ಹೇಗೆ? ಕಲಬುರಗಿ ಬಿಸಿಲಿನ ಮನೆಗಳಿಗೆ ಒಂದು ಮಾರ್ಗದರ್ಶಿ

ಹೋದ ವರ್ಷ ಮೇ ತಿಂಗಳ ಒಂದು ಮಧ್ಯಾಹ್ನ. ಅವ್ವ ಕೂಲರ್ ಮುಂದೆ ಅಂಗೈ ಹಿಡಿದು ನಿಂತು, "ಏ ತಮ್ಮಾ, ಬರೇ ಬಿಸಿ ಗಾಳಿ ಬರ್ಲಿಕತ್ತದ ನೋಡು" ಅಂದಳು. ಫ್ಯಾನ್ ತಿರುಗುತ್ತಿತ್ತು. ಪಂಪಿನ ಸದ್ದು ಕೇಳುತ್ತಿತ್ತು. ತೊಟ್ಟಿಯಲ್ಲಿ ನೀರು ಅರ್ಧಕ್ಕಿಂತ ಜಾಸ್ತಿ ಇತ್ತು. ಮಿಸ್ತ್ರಿಯನ್ನು ಕರೆಸಿದೆ. ಅವರು ಹಿಂದಿನ ಜಾಲರಿ ಬಿಚ್ಚಿ ಒಂದೇ ಮಾತು ಹೇಳಿದರು: "ಪಂಪ್ ಚೊಲೋ ಅದರಿ, ಪ್ಯಾಡ್ ಹೋಗ್ಯಾದ."

ಪ್ಯಾಡ್ ತಂದು ಒಂದೂವರೆ ವರ್ಷವೂ ಆಗಿರಲಿಲ್ಲ. ಜೇನುಗೂಡಿನಂಥ ಆ ಕಂದು ಕಾಗದದ ಪದರಗಳು ಬೆಳ್ಳಗೆ ಬಿಳಿಚಿಕೊಂಡಿದ್ದವು. ತೂತುಗಳಲ್ಲಿ ಅರ್ಧಕ್ಕರ್ಧ ಮುಚ್ಚಿದ್ದವು. ಅಂಚನ್ನು ಬೆರಳಿನಿಂದ ಒತ್ತಿದರೆ ಹಪ್ಪಳದ ಹಾಗೆ ಪಟ್ಟನೆ ಮುರಿಯಿತು. ಆ ಚೂರನ್ನು ಅಡಿಗೆಮನೆಗೆ ಒಯ್ದು ಅದರ ಮೇಲೆ ನಿಂಬೆಹಣ್ಣು ಹಿಂಡಿದೆ. ಸುರ್ ಅಂತ ಸಣ್ಣ ನೊರೆ ಎದ್ದಿತು. ಸುಣ್ಣದ ಕಲ್ಲಿನ ಮೇಲೆ ಹುಳಿ ಬಿದ್ದರೆ ಹೀಗೇ ನೊರೆ ಬರುವುದು. ಅಂದರೆ ನಮ್ಮ ಮನೆಯ ನೆಲಕ್ಕೆ ಹಾಸಿರುವ ಶಹಾಬಾದ್ ಫರಸಿ ಯಾವ ವಸ್ತುವೋ, ಪ್ಯಾಡಿನ ಮೇಲೆ ಕುಳಿತಿದ್ದೂ ಅದೇ ವಸ್ತು.

ಅವತ್ತಿನಿಂದ ನಾನು ಕೂಲರ್ ನೋಡಿಕೊಳ್ಳುವ ರೀತಿಯೇ ಬದಲಾಯಿತು. ನಮ್ಮ ಕಡೆ ಪ್ಯಾಡನ್ನು ಕೊಲ್ಲುವುದು ಧೂಳಿಗಿಂತ ಜಾಸ್ತಿ ನೀರು. ಈ ಒಂದು ಮಾತು ತಿಳಿದರೆ ಉಳಿದ ಕೆಲಸವೆಲ್ಲ ಸುಲಭ.

ಪ್ಯಾಡ್ ಮಾಡುವ ಕೆಲಸ ಏನು?

ಫಿಲ್ಟರ್ ಅಂದ ಕೂಡಲೇ ನಮಗೆ ಸೋಸುವುದು ನೆನಪಾಗುತ್ತದೆ. ಕೂಲರ್ ಪ್ಯಾಡನ್ನೂ ಎಷ್ಟೋ ಜನ ಧೂಳು ತಡೆಯಲು ಇಟ್ಟಿದ್ದು ಅಂದುಕೊಂಡಿದ್ದಾರೆ. ಧೂಳು ಸ್ವಲ್ಪ ಹಿಡಿಯುತ್ತದೆ, ನಿಜ. ಆದರೆ ಅದರ ಮುಖ್ಯ ಕೆಲಸ ಬೇರೆ. ನೀರನ್ನು ತೆಳ್ಳಗೆ ಹರಡಿ ಗಾಳಿಗೆ ಒಡ್ಡುವುದು. ಒದ್ದೆ ಪಂಚೆಯನ್ನು ಮುದ್ದೆ ಮಾಡಿಟ್ಟರೆ ಸಂಜೆಯಾದರೂ ಆರಲ್ಲ, ಹಗ್ಗಕ್ಕೆ ಹರವಿದರೆ ಕಾಲು ಗಂಟೆಯಲ್ಲಿ ಆರುತ್ತದೆ ಅಲ್ವಾ? ಪ್ಯಾಡಿನ ಸಾವಿರ ತೂತುಗಳು ಮಾಡುವುದು ಅದೇ ಹರವುವ ಕೆಲಸ.

ನೀರು ಆರುವಾಗ ಗಾಳಿಯಿಂದ ಶಾಖ ಎಳೆದುಕೊಳ್ಳುತ್ತದೆ. 1 ಲೀಟರ್ ನೀರನ್ನು ಮಂಜುಗಡ್ಡೆಯಷ್ಟು ತಂಪಿನಿಂದ ಕುದಿಯುವ ತನಕ ಕಾಯಿಸಲು ಎಷ್ಟು ಶಾಖ ಬೇಕೋ, ಅಷ್ಟೇ ನೀರು ಆರಿ ಹೋಗಲು ಅದರ 5 ಪಟ್ಟಿಗಿಂತ ಜಾಸ್ತಿ ಬೇಕು. ಅಷ್ಟೂ ಶಾಖ ನಮ್ಮ ಕೋಣೆಗೆ ಬರುವ ಗಾಳಿಯಿಂದ ಹೋಗುತ್ತದೆ.

ನಮ್ಮ ಊರಿನ ಬಿಸಿಲಿಗೆ ಇದು ಹೇಳಿ ಮಾಡಿಸಿದ ಉಪಾಯ. ಏಪ್ರಿಲ್, ಮೇ ಬಂದರೆ ನಮ್ಮ ಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಅಂಥ ಝಳ. ಆದರೆ ಅದು ಒಣ ಝಳ. ಹೊರಗೆ 40 ಡಿಗ್ರಿ ಇದ್ದು ಗಾಳಿಯ ತೇವಾಂಶ ನೂರಕ್ಕೆ 20 ಇದ್ದರೆ, ಆರುವ ನೀರು ಆ ಗಾಳಿಯನ್ನು ಹೆಚ್ಚೆಂದರೆ 23 ಡಿಗ್ರಿ ಆಸುಪಾಸಿಗೆ ಇಳಿಸಬಲ್ಲದು. ಒಳ್ಳೆಯ ಪ್ಯಾಡ್ ಆ ದಾರಿಯಲ್ಲಿ ಮುಕ್ಕಾಲು ಪಾಲು ಹೋಗುತ್ತದೆ. 27 ಡಿಗ್ರಿ ಗಾಳಿ ಸಿಗುತ್ತದೆ. ಪ್ಯಾಡಿನ ಅರ್ಧ ಭಾಗ ಒಣಗಿದ್ದರೆ ಆ ಕಡೆಯಿಂದ 40 ಡಿಗ್ರಿ ಗಾಳಿ ಹಾಗೇ ಒಳಗೆ ಬಂದು ಬೆರೆಯುತ್ತದೆ. ಆಗ ಕೋಣೆಗೆ ಸಿಗುವುದು 33, 34 ಡಿಗ್ರಿ ಗಾಳಿ. ಅವ್ವನ ಅಂಗೈಗೆ ಗೊತ್ತಾಗಿದ್ದು ಈ ವ್ಯತ್ಯಾಸವೇ.

ಹಾಗಾಗಿ ಕೂಲರ್ ತಂಪು ಕೊಡುತ್ತಿಲ್ಲ ಅಂದರೆ ಫ್ಯಾನ್, ಮೋಟಾರ್ ಬದಲಿಸುವ ಮಾತು ಆಮೇಲೆ. ಮೊದಲು ಪ್ಯಾಡ್ ನೋಡಿ.

ಸುಣ್ಣ ಎಲ್ಲಿಂದ ಬರುತ್ತದೆ?

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ನೆಲದ ಅಡಿ ಸುಣ್ಣದ ಕಲ್ಲು ಇದೆ. ಅದಕ್ಕೇ ಅಲ್ಲಿ ಫರಸಿ ಗಣಿಗಳು, ಸಿಮೆಂಟ್ ಕಾರ್ಖಾನೆಗಳು. ಮಳೆ ನೀರು ಆ ಕಲ್ಲಿನ ಬಿರುಕಿನಲ್ಲಿ ಇಳಿಯುವಾಗ ಸುಣ್ಣವನ್ನು ಕರಗಿಸಿಕೊಂಡು ಹೋಗುತ್ತದೆ. ಬೋರ್ ಹಾಕಿ ನಾವು ಎತ್ತುವುದು ಆ ನೀರನ್ನೇ. ಸೋಪಿಗೆ ನೊರೆ ಬರಲ್ಲ, ಬೇಳೆ ಬೇಗ ಬೇಯಲ್ಲ, ಗೀಜರ್ ಕಾಯಿಲ್ ಸುಟ್ಟು ಹೋಗುತ್ತದೆ. ಎಲ್ಲದಕ್ಕೂ ಕಾರಣ ಒಂದೇ.

ಕೂಲರಿನಲ್ಲಿ ಇದು ಇನ್ನೂ ಜಾಸ್ತಿ ಆಗುತ್ತದೆ. ಯಾಕೆಂದರೆ ಆರಿ ಹೋಗುವುದು ನೀರು ಮಾತ್ರ. ಅದರಲ್ಲಿನ ಉಪ್ಪು, ಸುಣ್ಣ ಎಲ್ಲ ಹಿಂದೆ ಉಳಿಯುತ್ತದೆ. ಒಂದು ಲೆಕ್ಕ ಹಾಕಿ. ನಿಮ್ಮ ಬೋರ್ ನೀರಿನ ಟಿಡಿಎಸ್ 1000 ಇದೆ ಅನ್ನೋಣ. ಅಂದರೆ 1 ಲೀಟರಿಗೆ 1 ಗ್ರಾಂ ಕರಗಿದ ವಸ್ತು. ದಿನಕ್ಕೆ 50 ಲೀಟರ್ ನೀರು ಆರಿದರೆ 50 ಗ್ರಾಂ ಉಳಿಯಿತು. ತಿಂಗಳಿಗೆ ಒಂದೂವರೆ ಕೆಜಿ! ಅಷ್ಟು ಪುಡಿ ಎಲ್ಲಿಗೆ ಹೋಗಬೇಕು? ಸ್ವಲ್ಪ ತೊಟ್ಟಿಯ ತಳಕ್ಕೆ, ಸ್ವಲ್ಪ ಪಂಪಿಗೆ, ಉಳಿದಿದ್ದು ಪ್ಯಾಡಿಗೆ.

ನಾನು ಮಾಡಿದ ತಪ್ಪು ಇಲ್ಲಿಯೇ ಇತ್ತು. ನೀರು ಕಡಿಮೆ ಆದ ಹಾಗೆ ಪೈಪ್ ಹಿಡಿದು ತುಂಬುತ್ತಿದ್ದೆ. ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿದ್ದು ಇಡೀ ಬೇಸಿಗೆಯಲ್ಲಿ ಎರಡು ಸಲ. ಸಾರು ಬತ್ತಿದ ಹಾಗೆಲ್ಲ ಉಪ್ಪು ನೀರನ್ನೇ ಹೊಯ್ಯುತ್ತ ಹೋದರೆ ಏನಾಗುತ್ತದೋ, ಅದೇ ಆಯಿತು.

ಬೀದರ್ ನಗರದವರಿಗೆ ಈ ಕಾಟ ಇಷ್ಟಿಲ್ಲ. ಆ ಊರು ಕುಳಿತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ. ಅದರಲ್ಲಿ ಸುಣ್ಣ ಕಡಿಮೆ, ಕಬ್ಬಿಣ ಜಾಸ್ತಿ. ಅಲ್ಲಿ ಪ್ಯಾಡಿಗೆ ಕೆಂಪು ಕಲೆ ಬಿದ್ದರೆ ಹೆದರಬೇಡಿ.

ಪೆನ್ನಿನಂಥ ಒಂದು ಟಿಡಿಎಸ್ ಮೀಟರ್ ಎಲ್ಲ ಕಡೆ ಸಿಗುತ್ತದೆ, ಬೆಲೆಯೂ ದೊಡ್ಡದಲ್ಲ. ತಂದು ಒಮ್ಮೆ ನಳದ ನೀರು, ಬೋರ್ ನೀರು, ಕೂಲರ್ ತೊಟ್ಟಿಯ ನೀರು ಮೂರನ್ನೂ ಅಳೆಯಿರಿ. ಕುಡಿಯುವ ನೀರಿಗೆ ಭಾರತೀಯ ಮಾನಕ 500ರ ಒಳಗಿರಲಿ ಅನ್ನುತ್ತದೆ, ಬೇರೆ ನೀರು ಇಲ್ಲದ ಕಡೆ 2000ದ ತನಕ ಒಪ್ಪುತ್ತದೆ. ತೊಟ್ಟಿಯಲ್ಲಿ ಮೂರು ದಿನ ಬಿಟ್ಟು ಅಳೆದು ನೋಡಿ. ಆ ಅಂಕಿ ಕಂಡ ಮೇಲೆ ನೀವೇ ಎದ್ದು ನೀರು ಚೆಲ್ಲುತ್ತೀರಿ.

ಯಾವ ಪ್ಯಾಡ್?

ಮೂರು ಬಗೆ ಇವೆ. ಮೊದಲನೆಯದು ಕಟ್ಟಿಗೆ ಹುಲ್ಲು. ಮರವನ್ನು ತೆಳ್ಳಗೆ ನೂಲಿನಂತೆ ಹೆರೆದಿದ್ದು. ಅಗ್ಗ, ಮೊದಲ ತಿಂಗಳು ತಂಪು ಚೆನ್ನಾಗಿ ಕೊಡುತ್ತದೆ, ಆದರೆ ಕುಸಿಯುತ್ತದೆ. ಒಂದು ಬೇಸಿಗೆಗೆ ಒಂದು ಸಲ ಬದಲಿಸುವುದು ಅಂತಲೇ ಇಟ್ಟುಕೊಳ್ಳಿ. ಎರಡನೆಯದು ಲಾವಂಚ, ನಮ್ಮ ಕಡೆ ಖಸ್ ಅನ್ನುತ್ತಾರೆ. ಕಿಟಕಿಗೆ ಖಸ್ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದುದು ಹಿರಿಯರಿಗೆ ಗೊತ್ತು. ಕೂಲರ್ ಮಾಡುವುದೂ ಅದೇ ಉಪಾಯ. ಆ ಪರಿಮಳಕ್ಕೆ ಸಾಟಿಯಿಲ್ಲ. ಆದರೆ ಅದು ಬೇರು, ಒದ್ದೆಯಾಗಿಯೇ ಬಿಟ್ಟರೆ ಕೊಳೆಯುತ್ತದೆ.

ಮೂರನೆಯದು ಹನಿಕೂಂಬ್ ಪ್ಯಾಡ್. ದಪ್ಪ ಕಾಗದಕ್ಕೆ ರಾಳ ಹಚ್ಚಿ, ಸುಕ್ಕು ಸುಕ್ಕಾಗಿ ಮಡಚಿ ಅಂಟಿಸಿದ್ದು. ಚೆನ್ನಾಗಿ ನೋಡಿಕೊಂಡರೆ ಎರಡು ಮೂರು ವರ್ಷ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ನಿಮಗೆ ನಳದ ನೀರು ಸಿಗುವುದಾದರೆ ಹನಿಕೂಂಬ್ ಹಾಕಿಸಿ. ತೀರಾ ಗಡಸು ಬೋರ್ ನೀರೊಂದೇ ಗತಿಯಾದರೆ ಕಟ್ಟಿಗೆ ಹುಲ್ಲೇ ಮೇಲು. ಕಡಿಮೆ ದುಡ್ಡಿನದು, ಸುಣ್ಣ ಹಿಡಿದರೆ ಬಿಸಾಕಿ ಹೊಸದು ತುಂಬಿದರಾಯಿತು. ದುಬಾರಿ ಪ್ಯಾಡ್ ತಂದು ಕಲ್ಲು ಮಾಡಿಕೊಳ್ಳುವುದಕ್ಕಿಂತ ಇದು ಒಳ್ಳೆಯದು.

ಹೋಳಿ ಹೊತ್ತಿಗೆ: ಮೊದಲ ಸಲ ಶುರು ಮಾಡುವ ಮುನ್ನ

ಕಲಬುರಗಿಯ ಶರಣಬಸವೇಶ್ವರ ಅಪ್ಪನ ಜಾತ್ರೆ ಹತ್ತಿರ ಬಂತು ಅಂದರೆ ಕೂಲರ್ ಇಳಿಸುವ ಕಾಲ. ಒಂದು ಬೆಳಿಗ್ಗೆ ಎರಡು ಗಂಟೆ ಬಿಡುವು ಮಾಡಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಕರೆಂಟ್ ಹೋಗಿದೆಯಲ್ಲ, ಈಗಲೇ ತೊಳೆದುಬಿಡೋಣ ಅಂತಲೂ ಕೈ ಹಾಕಬೇಡಿ. ನೀವು ತೊಟ್ಟಿಯೊಳಗೆ ಕೈ ಇಟ್ಟಾಗಲೇ ಕರೆಂಟ್ ಬರಬಹುದು. ಪ್ಲಗ್ ಕಿತ್ತು, ವೈರ್ ಸುತ್ತಿ, ಕೂಲರ್ ತಲೆಯ ಮೇಲೆ ಕಣ್ಣಿಗೆ ಕಾಣುವ ಹಾಗೆ ಇಡಿ. ತಗಡಿನ ಕೂಲರ್ ಇದ್ದವರು ಇನ್ನೂ ಹುಷಾರಾಗಿರಬೇಕು. ಮೂರು ಪಿನ್ನಿನ ಪ್ಲಗ್ ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಅದನ್ನು ಹಚ್ಚಲೇಬೇಡಿ. ಮುಟ್ಟಿದಾಗ ಒಂಚೂರು ಜುಂ ಅಂದರೂ ಅದು ಎಚ್ಚರಿಕೆ, ಅವತ್ತೇ ಎಲೆಕ್ಟ್ರಿಷಿಯನ್ ಕರೆಸಿ. ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿದ್ದರೆ ಜೀವಕ್ಕೊಂದು ಕಾವಲು. ಮಕ್ಕಳಿರುವ ಮನೆಯಲ್ಲಿ ಈ ವಿಷಯಕ್ಕೆ ಸಡಿಲ ಬೇಡ.

ಆಮೇಲೆ ಜಾಲರಿಗಳನ್ನು ಬಿಚ್ಚಿ ಹೊರಗೆ ತನ್ನಿ. ಪ್ಯಾಡ್ ತೆಗೆಯುವ ಮುನ್ನ ಯಾವ ಮುಖ ಹೊರಗಿತ್ತು, ಯಾವ ಅಂಚು ಮೇಲಿತ್ತು ಅಂತ ಪೆನ್ಸಿಲ್‌ನಿಂದ ಗುರುತು ಹಾಕಿ. ಹನಿಕೂಂಬ್ ಪದರಗಳು ಒಂದು ಕಡೆ ಜಾಸ್ತಿ ಇಳಿಜಾರು, ಇನ್ನೊಂದು ಕಡೆ ಕಡಿಮೆ ಇಳಿಜಾರು ಇರಬಹುದು. ತಿರುಗಿಸಿ ಹಾಕಿದರೆ ನೀರು ಫ್ಯಾನ್ ಕಡೆ ಹಾರಿ ಕೋಣೆಗೆ ಹನಿ ಬೀಳುತ್ತದೆ.

ಪ್ಯಾಡ್ ಒಣಗಿರುವಾಗಲೇ ಮೊದಲು ಧೂಳು ತೆಗೆಯಿರಿ. ಗೋಡೆಗೆ ಮೆಲ್ಲಗೆ ತಟ್ಟಿ, ಮೆತ್ತನೆ ಬ್ರಷ್‌ನಿಂದ ತೂತಿನ ಓಟದಲ್ಲೇ ಉಜ್ಜಿ. ನಮ್ಮದು ಕರಿ ಎರೆ ಮಣ್ಣಿನ ನಾಡು. ತೊಗರಿ ರಾಶಿಯ ಹೊಟ್ಟು, ದಾಲ್ ಮಿಲ್ ಧೂಳು ಬೇರೆ. ಆ ಎರೆ ಧೂಳು ಒದ್ದೆಯಾದರೆ ಅಂಟಾಗುತ್ತದೆ, ಆಮೇಲೆ ತೂತಿನಿಂದ ಹೊರಡಲ್ಲ. ಒಣಗಿದಾಗ ತಟ್ಟಿದರೆ ಸಲೀಸಾಗಿ ಉದುರುತ್ತದೆ.

ನಂತರ ಪೈಪಿನ ಮೆತ್ತನೆ ಧಾರೆಯಲ್ಲಿ ತೊಳೆಯಿರಿ. ಧಾರೆ ಒಳಮುಖದಿಂದ ಹೊರಮುಖಕ್ಕೆ ಹೋಗಲಿ. ಗಾಳಿ ಬರುವ ದಾರಿಗೆ ಉಲ್ಟಾ ಹೋದರೆ ಸಿಕ್ಕಿಕೊಂಡ ಕಸ ಬಂದ ದಾರಿಯಲ್ಲೇ ಹೊರಗೆ ಬೀಳುತ್ತದೆ. ಬೈಕ್ ತೊಳೆಯುವ ಜೋರು ಪ್ರೆಷರ್ ಪಂಪ್ ಬೇಡವೇ ಬೇಡ. ಕಾಗದದ ಪದರ ಸೀಳುತ್ತದೆ.

ಕಟ್ಟಿಗೆ ಹುಲ್ಲಿನದಾದರೆ ಹಳೆಯದನ್ನು ಬಿಸಾಕಿ, ಜಾಲರಿಗೆ ಅಂಟಿದ ಸುಣ್ಣ ಕೆರೆದು, ಹೊಸ ಹುಲ್ಲು ತುಂಬಿ. ಕೈಯಿಂದ ಹಿಂಜಿ ಸಮವಾಗಿ ಹರಡಬೇಕು. ಎಲ್ಲಿ ತೆಳುವಾಯಿತೋ ಅಲ್ಲಿ ಬಿಸಿ ಗಾಳಿ ನುಗ್ಗುತ್ತದೆ, ಎಲ್ಲಿ ದಪ್ಪವಾಯಿತೋ ಅಲ್ಲಿ ಗಾಳಿಯೇ ಬರಲ್ಲ. ಜಾಲರಿ ಎತ್ತಿ ಬೆಳಕಿಗೆ ಹಿಡಿದು ನೋಡಿ. ಎಲ್ಲ ಕಡೆ ಒಂದೇ ಸಮ ಮಸುಕು ಬೆಳಕು ಕಂಡರೆ ಸರಿ. ಮೊದಲ ದಿನದ ನೀರು ಚಹಾದ ಬಣ್ಣಕ್ಕೆ ಬರುತ್ತದೆ, ಅದನ್ನು ಚೆಲ್ಲಿಬಿಡಿ.

ಇನ್ನು ಮೇಲಿನ ನೀರಿನ ಪಟ್ಟಿ. ಇದನ್ನು ಬಹಳ ಜನ ಮರೆಯುತ್ತಾರೆ. ಪಂಪ್ ಎತ್ತಿದ ನೀರು ಪ್ಯಾಡಿನ ತಲೆಯ ಮೇಲೆ ಸಣ್ಣ ತೂತುಗಳಿಂದ ಇಳಿಯುತ್ತದೆ. ಒಂದು ತೂತು ಮುಚ್ಚಿದರೆ ಅದರ ಕೆಳಗೆ ಪ್ಯಾಡಿನ ಉದ್ದಕ್ಕೂ ಒಂದು ಒಣ ಪಟ್ಟಿ ಬೀಳುತ್ತದೆ. ದಪ್ಪ ಸೂಜಿಯಿಂದ ಒಂದೊಂದೇ ತೂತು ಬಿಡಿಸಿ. ಪಂಪಿನ ಬಾಯಿಗಿರುವ ಸಣ್ಣ ಜಾಲರಿಯನ್ನೂ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ.

ಎಲ್ಲ ಕೂಡಿಸಿದ ಮೇಲೆ ಫ್ಯಾನ್ ಹಚ್ಚದೆ ಪಂಪ್ ಮಾತ್ರ 10 ನಿಮಿಷ ಓಡಿಸಿ. ಹಿಂದೆ ಹೋಗಿ ಟಾರ್ಚ್ ಹಾಕಿ ನೋಡಿ. ಪ್ಯಾಡ್ ಪೂರ್ತಿ ಒಂದೇ ಗಾಢ ಬಣ್ಣಕ್ಕೆ ತಿರುಗಿರಬೇಕು. ತಿಳಿ ಬಣ್ಣದ ಗೆರೆ ಎಲ್ಲಿ ಕಂಡಿತೋ ಅದರ ಮೇಲಿನ ತೂತು ಇನ್ನೂ ಮುಚ್ಚಿದೆ ಅಂತ ಅರ್ಥ. ಈ ಟಾರ್ಚ್ ಪರೀಕ್ಷೆಯನ್ನು ಬೇಸಿಗೆ ಉದ್ದಕ್ಕೂ ವಾರಕ್ಕೊಮ್ಮೆ ಮಾಡಿ. ನನ್ನ ಕೂಲರಿನಲ್ಲಿ ರೋಗ ಬೇಗ ಗೊತ್ತಾಗುವುದು ಇದರಿಂದಲೇ.

ದಿನದ ಕೆಲಸ

ಬಿಸಿಲು ಏರುವ ಮುನ್ನ ಪಂಪನ್ನು 10 ನಿಮಿಷ ಮೊದಲೇ ಹಚ್ಚಿ, ಪ್ಯಾಡ್ ನೆಂದ ಮೇಲೆ ಫ್ಯಾನ್ ಹಾಕಿ. ಒಣ ಪ್ಯಾಡಿಗೆ ಒಮ್ಮೆಲೇ ಗಾಳಿ ಎಳೆದರೆ ಧೂಳು ನೇರ ಕೋಣೆಗೆ ಬರುತ್ತದೆ.

ರಾತ್ರಿ ಅಥವಾ ಬೆಳಿಗ್ಗೆ ನಿಲ್ಲಿಸುವಾಗ ಇದನ್ನೇ ಉಲ್ಟಾ ಮಾಡಿ. ಮೊದಲು ಪಂಪ್ ನಿಲ್ಲಿಸಿ, ಫ್ಯಾನನ್ನು 15, 20 ನಿಮಿಷ ಹಾಗೇ ಬಿಡಿ. ಪ್ಯಾಡ್ ಒಣಗುತ್ತದೆ. ಕೂಲರಿನಿಂದ ಮೀನು ವಾಸನೆ ಬರುತ್ತದೆ ಅಂತ ಎಷ್ಟೋ ಮನೆಯವರು ಹೇಳುತ್ತಾರೆ. ಅದು ಒದ್ದೆ ಪ್ಯಾಡಿನಲ್ಲಿ ರಾತ್ರಿಯಿಡೀ ಬೆಳೆದ ಪಾಚಿ, ಬೂಸಿನ ವಾಸನೆ. ಪ್ಯಾಡ್ ದಿನಕ್ಕೊಮ್ಮೆ ಒಣಗಿದರೆ ಅದಕ್ಕೆ ಬದುಕುವ ದಾರಿ ಇರಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ತೊಟ್ಟಿಯ ನೀರು ಚೆಲ್ಲುವುದು. ನಾನು ಈಗ ಪಾಲಿಸುವ ಕ್ರಮ ಇದು. ಬೋರ್ ನೀರು ಹಾಕಿದ್ದರೆ ದಿನಾ ಬೆಳಿಗ್ಗೆ ತಳದಲ್ಲಿ ಉಳಿದ ನೀರನ್ನು ಪೂರ್ತಿ ಹೊರಗೆ ಬಿಡುತ್ತೇನೆ, ಆಮೇಲೆ ಹೊಸದು ತುಂಬುತ್ತೇನೆ. ನಳದ ನೀರಾದರೆ ಮೂರು ಸಲ ತುಂಬಿದ ಮೇಲೆ ಒಮ್ಮೆ. ಮೀಟರ್ ಇದ್ದವರಿಗೆ ಇನ್ನೂ ಸುಲಭ. ತುಂಬಿದ ನೀರಿನ ಅಂಕಿಗಿಂತ ತೊಟ್ಟಿಯ ಅಂಕಿ ಎರಡು, ಎರಡೂವರೆ ಪಟ್ಟು ಆಯಿತೋ, ಚೆಲ್ಲಿ.

ನೀರಿಗೆ ಇಷ್ಟು ಕಷ್ಟ ಇರುವಾಗ ಚೆಲ್ಲು ಅನ್ನುತ್ತಾನಲ್ಲ ಅಂತ ನಿಮಗೆ ಅನ್ನಿಸಬಹುದು. ನಮ್ಮ ಓಣಿಯಲ್ಲೂ ಕೊಡದ ಲೆಕ್ಕದಲ್ಲೇ ನೀರು. ಹೊರಗೆ ಬಿಡುವ 8, 10 ಲೀಟರನ್ನು ನಾವು ಬಕೆಟಿಗೆ ಹಿಡಿದು ಶೌಚಾಲಯಕ್ಕೆ, ಅಂಗಳ ತೊಳೆಯುವುದಕ್ಕೆ ಬಳಸುತ್ತೇವೆ. ಒಂದು ಹನಿಯೂ ದಂಡವಾಗಲ್ಲ. ಕುಂಡದ ತುಳಸಿ, ಮಲ್ಲಿಗೆಗೆ ಮಾತ್ರ ಹಾಕಬೇಡಿ. ಆ ಉಪ್ಪು ಬೇರಿನ ಹತ್ತಿರ ಕೂಡುತ್ತದೆ.

ಇನ್ನೊಂದು ತಪ್ಪು ಈಚೆಗೆ ಬಹಳ ಮನೆಗಳಲ್ಲಿ ನೋಡುತ್ತಿದ್ದೇನೆ. ಆರ್‌ಒ ಯಂತ್ರದಿಂದ ಹೊರಗೆ ಹೋಗುವ ನೀರನ್ನು ಉಳಿಸಿ ಕೂಲರಿಗೆ ಹಾಕುವುದು. ಉಳಿಸುವ ಮನಸ್ಸು ಒಳ್ಳೆಯದೇ. ಆದರೆ ಆರ್‌ಒ ಯಂತ್ರ ಕುಡಿಯುವ ನೀರಿನಿಂದ ತೆಗೆದ ಸುಣ್ಣ, ಉಪ್ಪನ್ನೆಲ್ಲ ಆ ನೀರಿಗೇ ಸೇರಿಸಿ ಹೊರಗೆ ಬಿಡುತ್ತದೆ. ಬೋರ್ ನೀರಿಗಿಂತ ಅದು ಗಡಸು. ಅದನ್ನು ನೆಲ ಒರೆಸಲು ಬಳಸಿ, ಕೂಲರಿಗೆ ಬೇಡ.

ಒಂದು ಕಿಟಕಿ ತೆರೆದಿರಲಿ. ಪೂರ್ತಿ ಮುಚ್ಚಿದ ಕೋಣೆಯಲ್ಲಿ ಆರಿದ ನೀರೆಲ್ಲ ಒಳಗೇ ತುಂಬಿ ಅರ್ಧ ಗಂಟೆಯಲ್ಲಿ ಮೈ ಜಿಗುಟಾಗುತ್ತದೆ.

ವಾರಕ್ಕೊಮ್ಮೆ

ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ. ಪ್ಲಗ್ ಕಿತ್ತು ತೊಟ್ಟಿ ಪೂರ್ತಿ ಖಾಲಿ ಮಾಡಿ, ಗೋಡೆಗಳನ್ನು ತೆಂಗಿನ ನಾರಿನಿಂದ ಉಜ್ಜಿ, ಒರೆಸಿ, ಒಂದು ಗಂಟೆ ಬಿಸಿಲಿಗೆ ಒಣಗಲು ಬಿಡಿ.

ಉಜ್ಜುವುದು ಸ್ವಚ್ಛತೆಗಷ್ಟೇ ಅಲ್ಲ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿ ನೀರಿನ ಅಂಚಿನಲ್ಲೇ, ತೊಟ್ಟಿಯ ಗೋಡೆಗೆ ಅಂಟಿಸಿ ಮೊಟ್ಟೆ ಇಡುತ್ತದೆ. ನಮ್ಮ ಬಿಸಿಗೆ ಮೊಟ್ಟೆಯಿಂದ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ನೀರು ಚೆಲ್ಲಿದರೂ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೇ ಕಾಯುತ್ತದೆ, ಮತ್ತೆ ನೀರು ಬಿದ್ದರೆ ಮರಿಯಾಗುತ್ತದೆ. ಅದಕ್ಕೇ ಚೆಲ್ಲುವುದರ ಜೊತೆ ಉಜ್ಜುವುದೂ ಬೇಕು. ವಾರ ತಪ್ಪಿಸಬೇಡಿ.

ಸುಣ್ಣ ಕಟ್ಟಿದ್ದರೆ

ಪ್ಯಾಡಿನ ಮೇಲೆ ತೆಳ್ಳಗೆ ಬಿಳಿ ಕಾಣತೊಡಗಿದಾಗಲೇ ಕೈ ಹಾಕಿದರೆ ಬಿಡಿಸಬಹುದು. ನನ್ನ ಪ್ಯಾಡಿನ ಹಾಗೆ ಗಟ್ಟಿ ಕಲ್ಲಾದ ಮೇಲೆ ಯಾವ ಔಷಧವೂ ನಡೆಯಲ್ಲ.

ಕಿರಾಣಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ತನ್ನಿ. ಸಿಟ್ರಿಕ್ ಆಸಿಡ್ ಅಂದರೂ ಕೊಡುತ್ತಾರೆ. 5 ಲೀಟರ್ ನೀರಿಗೆ 50 ಗ್ರಾಂ ಕರಗಿಸಿ. ಪ್ಲಾಸ್ಟಿಕ್ ಟಬ್ಬಿನಲ್ಲಿ ಪ್ಯಾಡನ್ನು ಆ ನೀರಿಗೆ ಮಲಗಿಸಿ 20 ನಿಮಿಷ ಬಿಡಿ. ಸಣ್ಣ ಗುಳ್ಳೆ ಏಳುತ್ತವೆ. ಗುಳ್ಳೆ ನಿಂತ ಮೇಲೆ ಮೆತ್ತನೆ ಬ್ರಷ್ ಆಡಿಸಿ, ಸಾದಾ ನೀರಿನಲ್ಲಿ ಎರಡು ಮೂರು ಸಲ ಚೆನ್ನಾಗಿ ತೊಳೆದು, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಬೇಸಿಗೆಗೆ ಒಂದೆರಡು ಸಲ ಮಾತ್ರ ಇದನ್ನು ಮಾಡಿ. ಹುಳಿ ಪದೇ ಪದೇ ಬಿದ್ದರೆ ಪದರ ಅಂಟಿಸಿದ ರಾಳವೂ ಸಡಿಲವಾಗುತ್ತದೆ.

ಮೂರು ಎಚ್ಚರಿಕೆ. ಬಚ್ಚಲು ತೊಳೆಯುವ ಜೋರು ಆಸಿಡ್ ಬಳಸಲೇಬೇಡಿ, ಪ್ಯಾಡ್ ತಿಂದುಹಾಕುತ್ತದೆ. ನಿಂಬೆ ಉಪ್ಪು, ವಿನೆಗರ್, ಯಾವ ಹುಳಿಯ ಜೊತೆಗೂ ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ನೀರು ಬೆರೆಸಬೇಡಿ. ಕ್ಲೋರಿನ್ ವಿಷಗಾಳಿ ಏಳುತ್ತದೆ. ಮತ್ತೆ, ಈ ಕೆಲಸವನ್ನು ಫರಸಿ ನೆಲದ ಮೇಲೆ ಮಾಡಬೇಡಿ. ಫರಸಿಯೂ ಸುಣ್ಣದ ಕಲ್ಲೇ. ಪ್ಯಾಡಿನ ಸುಣ್ಣ ಕರಗಿಸುವ ಹುಳಿಗೆ ನೆಲದ ಸುಣ್ಣ ಯಾವುದು ಅಂತ ಗೊತ್ತಾಗಲ್ಲ. ಹನಿ ಬಿದ್ದಲ್ಲೆಲ್ಲ ಹೊಳಪು ಹೋಗಿ ಬಿಳಿ ಕಲೆ ಉಳಿಯುತ್ತದೆ. ನಮ್ಮ ಪಡಸಾಲೆಯಲ್ಲಿ ಅಂಗೈಯಗಲದ ಒಂದು ಕಲೆ ಹಾಗೇ ಇದೆ. ಅಂಗಳದ ಮಣ್ಣಿನ ಮೇಲೋ, ಸಿರಾಮಿಕ್ ಟೈಲ್ಸ್ ಇರುವ ಬಚ್ಚಲಲ್ಲೋ ಮಾಡಿ.

ಬದಲಿಸುವ ಹೊತ್ತು ಬಂತೋ ಇಲ್ಲವೋ ಅಂತ ತಿಳಿಯಲು ಪ್ಯಾಡಿನ ಕೆಳ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ. ಸ್ವಲ್ಪ ಬಾಗಿ ಮತ್ತೆ ನೆಟ್ಟಗಾದರೆ ಇನ್ನೂ ಜೀವ ಇದೆ. ಮೆತ್ತಗಾಗಿ ಕುಸಿದರೆ ಕೊಳೆತಿದೆ, ಪಟ್ಟನೆ ಮುರಿದರೆ ಕಲ್ಲಾಗಿದೆ. ಎರಡರಲ್ಲಿ ಯಾವುದಾದರೂ ಹೊಸದು ತನ್ನಿ. ಹಳೆಯ ಪ್ಯಾಡಿನ ಅಳತೆಯನ್ನು ಉದ್ದ, ಅಗಲ, ದಪ್ಪ ಮೂರೂ ಬರೆದುಕೊಂಡು ಅಂಗಡಿಗೆ ಹೋಗಿ. ಅಂಚಿನಲ್ಲಿ ಬೆರಳು ಹೋಗುವಷ್ಟು ಸಂದು ಉಳಿದರೂ ಗಾಳಿ ಪ್ಯಾಡ್ ಬಿಟ್ಟು ಆ ಸಂದಿಯಲ್ಲೇ ನುಗ್ಗುತ್ತದೆ.

ಚಿಕ್ಕ ಹ್ಯೂಮಿಡಿಫೈಯರ್ ಇದ್ದವರಿಗೆ

ಡಿಸೆಂಬರ್, ಜನವರಿಯ ಒಣ ಚಳಿಗೆ ಮೂಗು ಒಣಗಿ ರಕ್ತ ಬರುವ ಮಕ್ಕಳಿರುವ ಮನೆಗಳಲ್ಲಿ, ಎಸಿ ಕೋಣೆಗಳಲ್ಲಿ ಈಗ ಚಿಕ್ಕ ಹ್ಯೂಮಿಡಿಫೈಯರ್ ಬಂದಿದೆ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಬತ್ತಿಯಂಥ ಫಿಲ್ಟರ್ ಇರುತ್ತದೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅದು ನೀರು ಎಳೆಯುತ್ತದೆ, ಫ್ಯಾನ್ ಅದರ ಮೇಲೆ ಗಾಳಿ ಬೀಸುತ್ತದೆ. ಕೂಲರಿನ ಸಣ್ಣ ತಮ್ಮ ಅದು, ಸುಣ್ಣ ಕಟ್ಟುವ ರೋಗವೂ ಅದೇ. ಬತ್ತಿಯ ಮೇಲಿನ ತುದಿ ಒಣಗಿ ಗಟ್ಟಿಯಾಗಿದ್ದರೆ ನೀರು ಮೇಲೆ ಏರುತ್ತಿಲ್ಲ ಅಂತ ಅರ್ಥ, ಬದಲಿಸಿ. ಅದನ್ನು ಹಿಂಡಬೇಡಿ, ಒಳಗಿನ ಎಳೆ ಕುಸಿಯುತ್ತದೆ.

ಇನ್ನೊಂದು ಅಲ್ಟ್ರಾಸಾನಿಕ್. ಬಿಳಿ ಮಂಜು ಉಗುಳುವುದು ಇದೇ. ಇದರಲ್ಲಿ ಸುಣ್ಣ ಹಿಂದೆ ಉಳಿಯಲ್ಲ, ಮಂಜಿನ ಹನಿಯ ಜೊತೆ ಗಾಳಿಗೇ ಹೋಗುತ್ತದೆ. ಟಿವಿ, ಕಪಾಟಿನ ಮೇಲೆ ಬಿಳಿ ಪುಡಿ ಕಂಡರೆ ಅದು ಈ ಸುಣ್ಣ. ಅದನ್ನೇ ಮಗು ಉಸಿರಾಡುವುದು. ಆದ್ದರಿಂದ ಇದಕ್ಕೆ ನಮ್ಮ ಬೋರ್ ನೀರು ಹಾಕಲೇಬೇಡಿ. ಆರ್‌ಒ ಯಂತ್ರದ ಕುಡಿಯುವ ನೀರು ಅಥವಾ ಡಿಸ್ಟಿಲ್ಡ್ ನೀರು ಹಾಕಿ. ಕೆಲವು ಮಾದರಿಗಳಲ್ಲಿ ಸುಣ್ಣ ಹಿಡಿಯುವ ಚಿಕ್ಕ ಕಾಟ್ರಿಜ್ ಬರುತ್ತದೆ. ಬಿಳಿ ಪುಡಿ ಮತ್ತೆ ಕಾಣಿಸಿಕೊಂಡಿತು ಅಂದರೆ ಅದರ ಆಯಸ್ಸು ಮುಗಿಯಿತು.

ಎರಡಕ್ಕೂ ನೀರು ದಿನಾ ಬದಲಿಸಿ, ಮೂರು ದಿನಕ್ಕೊಮ್ಮೆ ತೊಳೆಯಿರಿ. ನಿಂತ ನೀರಿನ ಸೂಕ್ಷ್ಮಜೀವಿಗಳು ಮಂಜಿನ ಜೊತೆ ನೇರ ಉಸಿರಿಗೆ ಹೋಗುತ್ತವೆ. ಕೋಣೆಯ ತೇವಾಂಶ ನೂರಕ್ಕೆ 30ರಿಂದ 50ರ ನಡುವೆ ಇದ್ದರೆ ಸಾಕು. ಕಿಟಕಿ ಗಾಜಿನ ಮೇಲೆ ನೀರು ಕಟ್ಟಿದರೆ ಜಾಸ್ತಿಯಾಯಿತು, ನಿಲ್ಲಿಸಿ. ಮನೆಯಲ್ಲಿ ಅಸ್ತಮಾ ಇದ್ದವರಿದ್ದರೆ ಹಚ್ಚುವ ಮೊದಲು ವೈದ್ಯರನ್ನು ಕೇಳಿ.

ಮಿರಗ ಹೂಡಿದ ಮೇಲೆ

ಜೂನ್ ಮೊದಲ ವಾರ ದಾಟಿ ಮಿರಗ, ಅಂದರೆ ಮೃಗಶಿರಾ ಮಳೆ ಬಿದ್ದರೆ ಗಾಳಿಯೇ ಒದ್ದೆ. ಆಗ ಪ್ಯಾಡಿನ ನೀರು ಆರಲ್ಲ, ತಂಪೂ ಬರಲ್ಲ. ಪಂಪ್ ನಿಲ್ಲಿಸಿ. ಕೂಲರನ್ನು ಹಾಗೇ ಮೂಲೆಗೆ ತಳ್ಳಬೇಡಿ.

ತೊಟ್ಟಿ ಖಾಲಿ ಮಾಡಿ ಉಜ್ಜಿ. ಪ್ಯಾಡ್ ತೊಳೆದು, ಬಿಸಿಲು ಬಿದ್ದ ಎರಡು ದಿನ ನೋಡಿ ಪೂರ್ತಿ ಒಣಗಿಸಿ. ಒಂಚೂರು ಹಸಿ ಇದ್ದರೂ ಒಳಗೆ ಬೂಸು ಹಿಡಿಯುತ್ತದೆ. ಪಂಪನ್ನು ಹೊರಗೆ ತೆಗೆದು ನಿಂಬೆ ಉಪ್ಪಿನ ನೀರಿನಲ್ಲಿ ತೊಳೆದು ಒಣಗಿಸಿ ಬೇರೆ ಇಡಿ. ವೈರಿನ ತುದಿ ಮತ್ತು ಪ್ಲಗ್ ನೀರಿಗೆ ತಾಗದಿರಲಿ. ಕೂಲರಿಗೆ ಪ್ಲಾಸ್ಟಿಕ್ ಹೊದಿಸಬೇಡಿ, ಒಳಗೆ ಬೆವರುತ್ತದೆ. ಹಳೆಯ ಕಾಟನ್ ಸೀರೆ ಸುತ್ತಿದರೆ ಧೂಳೂ ಬರಲ್ಲ, ಗಾಳಿಯೂ ಆಡುತ್ತದೆ. ಅವ್ವ ಈ ಸಲ ತನ್ನ ಹಳೆಯ ಇಳಕಲ್ ಸೀರೆ ಕೊಟ್ಟಳು. ಕಟ್ಟುವ ಮುನ್ನ ಪ್ಯಾಡ್ ಹಾಕಿದ ತಿಂಗಳು, ವರ್ಷ, ಅದರ ಅಳತೆ ಒಂದು ಚೀಟಿಯಲ್ಲಿ ಬರೆದು ತೊಟ್ಟಿಯ ಹೊರಗೋಡೆಗೆ ಟೇಪ್ ಹಚ್ಚಿ ಅಂಟಿಸಿ. ಮುಂದಿನ ಹೋಳಿಗೆ ಸೀರೆ ಬಿಚ್ಚಿದಾಗ ಮೊದಲು ಕಣ್ಣಿಗೆ ಬೀಳುವುದು ಅದೇ ಇರಲಿ.